ಪೇಷಂಟ್ ಕಡೆಯೋರು ಯಾರ್ರೀ?

ನಮ್ಮ ದೊಡ್ಡ ಮಾವ ಒಮ್ಮೆ ಒಂಬತ್ತು ದಿನ ಕಾಣೆಯಾಗಿದ್ದರು. 2003ರ ಮಳೆಗಾಲ ಅದು, ನಾನು ಆಗ ಪಿಯುಸಿ ಓದುತ್ತಿದ್ದೆ. ಮಾವ ಅಂದರೆ ಅಮ್ಮನ ಅಣ್ಣ. ಮದುವೆ ಆಗಿರಲಿಲ್ಲ, ಊರಲ್ಲಿ ಅಜ್ಜಿ ಜೊತೆ ಇದ್ದರು. ಲೆಕ್ಕದಲ್ಲಿ ಭಾರಿ ಚುರುಕು, ಊರಿನ ಅರ್ಧ ಹುಡುಗರಿಗೆ ಮನೆಪಾಠ ಹೇಳಿದವರು. ಮೂವತ್ತರ ಹೊತ್ತಿಗೆ ಕಾಯಿಲೆ ಶುರುವಾಯಿತು. ಕಿವಿಯಲ್ಲಿ ಯಾರೋ ಮಾತಾಡ್ತಾರೆ ಅನ್ನುತ್ತಿದ್ದರು. ಮಾತ್ರೆ ತಗೊಂಡರೆ ಸರಿ, ಬಿಟ್ಟರೆ ಮತ್ತೆ ಅದೇ. ಆ ಸಲ ಮಾತ್ರೆ ಬಿಟ್ಟು ಮೂರು ವಾರ ಆಗಿತ್ತಂತೆ, ನಮಗೆ ಯಾರಿಗೂ ಗೊತ್ತಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಹಾಲು ತರ್ತೀನಿ ಅಂತ ಕೊಡೆ ಹಿಡಿದು ಹೊರಟವರು ಅರಸೀಕೆರೆಗೆ ಹೋಗಿ ಯಾವುದೋ ರೈಲು ಹತ್ತಿಬಿಟ್ಟರು.

ಸಿಕ್ಕಿದ್ದು ಬೇರೆ ಜಿಲ್ಲೆಯ ಒಂದು ಪೊಲೀಸ್ ಠಾಣೆಯ ಜಗಲಿಯಲ್ಲಿ. ಯಾರದೋ ಸ್ಕೂಟರ್ ಪಕ್ಕ ತುಂಬಾ ಹೊತ್ತು ನಿಂತಿದ್ದ ಅನ್ನೋದಷ್ಟೇ ಅವರ ಮೇಲಿದ್ದ ದೂರು. ನಂಬರ್ ಪ್ಲೇಟಿನ ಅಂಕಿಗಳನ್ನು ಕೂಡಿಸಿ ನೋಡುತ್ತಿದ್ದೆ ಅಂತ ಆಮೇಲೆ ಅವರೇ ಹೇಳಿದರು. ಪೊಲೀಸರು ಹೆಸರು ಕೇಳಿದಾಗ ಬಾಯಿ ಬಿಟ್ಟಿಲ್ಲ. ಬಾಯಿ ಬಿಡಿಸೋಕೆ ಅಂತ ಎರಡು ಬಿದ್ದಿತ್ತು. ಎಡಗಣ್ಣಿನ ಕೆಳಗೆ ಊದಿಕೊಂಡಿತ್ತು. ಕೇಸು ಹಾಕಿರಲಿಲ್ಲ, ಬಿಟ್ಟೂ ಇರಲಿಲ್ಲ. ಏನು ಮಾಡಬೇಕು ಅಂತ ಯಾರಿಗೂ ಗೊತ್ತಿಲ್ಲದೆ ಸುಮ್ನೆ ಕೂರಿಸಿದ್ದರು.

ಮೂರನೇ ರಾತ್ರಿ ಡ್ಯೂಟಿಗೆ ಬಂದ ಒಬ್ಬ ವಯಸ್ಸಾದ ಕಾನ್‌ಸ್ಟೆಬಲ್ ಮಾವನಿಗೆ ಟೀ ಕೊಟ್ಟು, ಶರ್ಟಿನ ಕಾಲರ್ ಮಡಚಿ ನೋಡಿದರು. ಕಾಲರ್ ಒಳಗೆ ಟೈಲರ್ ಹೊಲಿದ ಲೇಬಲ್ ಇತ್ತು. ಅಂಗಡಿ ಹೆಸರು, ನಮ್ಮೂರ ಹೆಸರು, ಐದಂಕಿಯ ಫೋನ್ ನಂಬರ್. ಅವರು ಎಸ್‌ಟಿಡಿ ಕೋಡ್ ಹುಡುಕಿ ಬೆಳಿಗ್ಗೆ ಫೋನ್ ಮಾಡಿದರು. ಟೈಲರ್ ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಅಜ್ಜಿ ಮನೆಗೆ ಓಡಿ ಬಂದರಂತೆ.

ಅವತ್ತಿನಿಂದ ಅಜ್ಜಿ ಮಾವನಿಗೆ ರೆಡಿಮೇಡ್ ಶರ್ಟ್ ಹಾಕಲು ಬಿಡಲಿಲ್ಲ.

ಆ ಠಾಣೆಯವರ ಮೇಲೆ ನನಗೆ ಎಷ್ಟೋ ವರ್ಷ ಸಿಟ್ಟಿತ್ತು. ಈಗಲೂ ಪೂರ್ತಿ ಹೋಗಿಲ್ಲ. ಆದರೆ ವಯಸ್ಸಾದ ಹಾಗೆ ಬೇರೆ ಒಂದು ವಿಷಯ ಜಾಸ್ತಿ ಕಾಡತೊಡಗಿತು. ಅಪ್ಪ ಹೋಗಿ ನಿಂತ ಕೂಡಲೇ ಎಲ್ಲ ಬದಲಾಯಿತಂತೆ. ‘ಓ, ಮನೆಯೋರು ಇದ್ದಾರಾ’ ಅಂತ ಕುರ್ಚಿ ಹಾಕಿದರು. ಮಾವ ಅದೇ ಮಾವ, ಹಿಂದಿನ ರಾತ್ರಿಗೂ ಆ ಬೆಳಿಗ್ಗೆಗೂ ಅವರಲ್ಲಿ ಏನೂ ವ್ಯತ್ಯಾಸ ಇರಲಿಲ್ಲ. ಕೇಳೋರು ಒಬ್ಬರು ಬಂದಿದ್ದರು, ಅಷ್ಟೇ.

ನೀವು ಯಾವುದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ವಾರ್ಡ್ ಬಾಗಿಲಲ್ಲಿ ನಿಂತು ನರ್ಸ್ ಮೊದಲು ಕೂಗೋದು ‘ಪೇಷಂಟ್ ಕಡೆಯೋರು ಯಾರ್ರೀ?’ ಅಂತ. ರಕ್ತ ತರೋಕೆ, ಚೀಟಿ ಮಾಡಿಸೋಕೆ, ಸ್ಟ್ರೆಚರ್ ತಳ್ಳೋಕೆ, ಸಹಿ ಹಾಕೋಕೆ ಒಬ್ಬರು ಬೇಕು. ಅವರಿಗೆ ನಾವು ಅಟೆಂಡರ್ ಅಂತೀವಿ. ಅವರಿಗೆ ಸಂಬಳ ಇಲ್ಲ, ಮಲಗೋಕೆ ಜಾಗ ಇಲ್ಲ, ಆದರೆ ಅವರಿಲ್ಲದೆ ವಾರ್ಡ್ ನಡೆಯಲ್ಲ. ಮಾವನ ಜೊತೆ ನಿಮ್ಹಾನ್ಸ್‌ನಲ್ಲಿ ಇದ್ದಾಗ ಇದನ್ನು ಹತ್ತಿರದಿಂದ ನೋಡಿದ್ದೆ. ಅಲ್ಲಿ ರೋಗಿಯ ಜೊತೆ ಮನೆಯವರೂ ಉಳಿಯುವ ವಾರ್ಡ್‌ಗಳಿವೆ. ಒಳ್ಳೆಯ ಪದ್ಧತಿ, ಮನೆಯವರಿಗೂ ಕಾಯಿಲೆ ಏನು ಅಂತ ಅರ್ಥ ಆಗುತ್ತೆ. ಆದರೆ ಪಕ್ಕದಲ್ಲಿ ಕೂರಲು ಯಾರೂ ಇಲ್ಲದವರ ಕತೆ ಏನು ಅಂತ ಅಲ್ಲಿ ಕೂತಾಗಲೇ ನನ್ನ ತಲೆಗೆ ಬಂದಿದ್ದು.

ಕೋರ್ಟಿನಲ್ಲೂ ಇದೇ ಪ್ರಶ್ನೆ, ಮಾತು ಬೇರೆ. ‘ಜಾಮೀನು ಯಾರು?’ ನಮ್ಮ ಕಡೆ ಜಾಮೀನುದಾರ ಅಂದರೆ ಪಹಣಿ ಹಿಡಿದು ಬಂದು ನಿಲ್ಲೋನು. ಹೊಲ ಇರಬೇಕು, ಅದು ಅವನ ಹೆಸರಲ್ಲೇ ಇರಬೇಕು, ಒಂದು ದಿನದ ಕೆಲಸ ಬಿಟ್ಟು ಬರಬೇಕು, ಮೇಲಾಗಿ ನಿಮ್ಮ ಮೇಲೆ ನಂಬಿಕೆ ಇರಬೇಕು. ಇಷ್ಟೆಲ್ಲ ಇರುವ ನೆಂಟನನ್ನು ಹುಡುಕಿಕೊಳ್ಳುವ ಶಕ್ತಿ ಇದ್ದವನು ಜೈಲಲ್ಲಿ ಜಾಸ್ತಿ ದಿನ ಇರಲ್ಲ. ಇಲ್ಲದವನು ಜಾಮೀನು ಮಂಜೂರಾದ ಮೇಲೂ ಒಳಗೇ ಇರುತ್ತಾನೆ.

1978ರಲ್ಲಿ ಮೋತಿರಾಮ್ ಅನ್ನುವ ಮಧ್ಯಪ್ರದೇಶದ ಗಾರೆ ಕೆಲಸದವರ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಿತ್ತು. ಜಾಮೀನು ಕೊಡಿ ಅಂತ ಸುಪ್ರೀಂ ಕೋರ್ಟೇ ಹೇಳಿತ್ತು. ಕೆಳಗಿನ ಮ್ಯಾಜಿಸ್ಟ್ರೇಟ್ 10,000 ರೂಪಾಯಿಯ ಶ್ಯೂರಿಟಿ ಕೇಳಿದರು. ಅವರ ಅಣ್ಣನೋ ತಮ್ಮನೋ ನಿಲ್ಲೋಕೆ ಬಂದರೆ, ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ, ಆಗಲ್ಲ ಅಂದರು. 1978ರ 10,000, ಗಾರೆ ಕೆಲಸದವರಿಗೆ! ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು 1,000ಕ್ಕೆ ಇಳಿಸಿ, ಅವರ ಸ್ವಂತ ಬಾಂಡ್ ಮೇಲೇ ಬಿಡಿ ಅಂದರು. ಆ ತೀರ್ಪಿನಲ್ಲಿ ಅವರು ಒಂದು ಪ್ರಶ್ನೆ ಕೇಳುತ್ತಾರೆ. ಒಬ್ಬ ಮಲಯಾಳಿಯೋ ಕನ್ನಡಿಗನೋ ತಮಿಳನೋ ಬಸ್ತರ್‌ನಲ್ಲೋ ಪೋರ್ಟ್ ಬ್ಲೇರ್‌ನಲ್ಲೋ ಸಣ್ಣ ಕೇಸಿನಲ್ಲಿ ಸಿಕ್ಕಿಬಿದ್ದರೆ, ಅಲ್ಲಿ ಅವನಿಗೆ ಜಾಮೀನು ನಿಲ್ಲೋರು ಯಾರು ಅಂತ. ಇದನ್ನು ಓದಿದಾಗ ನನಗೆ ನೆನಪಾಗಿದ್ದು ಮಾವ ಹತ್ತಿದ ಆ ರೈಲು. ಅದೊಂದು ರಾಜ್ಯದ ಗಡಿ ದಾಟಿದ್ದರೆ ಕಾಲರ್ ಮೇಲಿನ ಕನ್ನಡ ಅಕ್ಷರ ಯಾರು ಓದುತ್ತಿದ್ದರು?

ಈಗ ಆಸ್ಪತ್ರೆ, ಜೈಲು ಎರಡರ ನಡುವೆ ಸಿಕ್ಕಿಬಿದ್ದವರ ಬಗ್ಗೆ ಹೇಳುತ್ತೇನೆ. ಈ ಬರಹ ಶುರು ಮಾಡಿದ್ದೇ ಅವರಿಗಾಗಿ.

ಮಚಾಂಗ್ ಲಾಲುಂಗ್ ಅಸ್ಸಾಮಿನ ಮೋರಿಗಾಂವ್ ಕಡೆಯವರು. 1951ರಲ್ಲಿ, 23ರ ವಯಸ್ಸಿನಲ್ಲಿ, ಯಾರಿಗೋ ಗಂಭೀರ ಗಾಯ ಮಾಡಿದ ಆರೋಪದ ಮೇಲೆ ಪೊಲೀಸರು ಹಿಡಿದರು. ವಿಚಾರಣೆ ನಡೆಯಲೇ ಇಲ್ಲ. ಮನಸ್ಸು ಸರಿಯಿಲ್ಲ ಅಂತ ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಕಳಿಸಿದರು. 1967ರಲ್ಲಿ ಡಾಕ್ಟರುಗಳು ಇವರು ಪೂರ್ತಿ ಸರಿ ಇದ್ದಾರೆ ಅಂತ ಬರೆದುಕೊಟ್ಟರು. ಅಲ್ಲಿಗೆ ಮುಗಿಯಬೇಕಿತ್ತಲ್ವಾ? ಅಲ್ಲಿಂದ ಗುವಾಹಟಿ ಜೈಲಿಗೆ ಹಾಕಿದರು. ಹೊರಗೆ ಬಂದಿದ್ದು 2005ರಲ್ಲಿ. 54 ವರ್ಷ. ಮಾನವ ಹಕ್ಕುಗಳ ಆಯೋಗ ಮಧ್ಯೆ ಬಂದ ಮೇಲೆ ಕೋರ್ಟು ಒಂದು ರೂಪಾಯಿಯ ಬಾಂಡ್ ಬರೆಸಿಕೊಂಡು ಬಿಟ್ಟಿತು. ಆಮೇಲೆ ಸುಪ್ರೀಂ ಕೋರ್ಟು 3 ಲಕ್ಷ ರೂಪಾಯಿ ಪರಿಹಾರ, ತಿಂಗಳಿಗೆ 1,000 ರೂಪಾಯಿ ಕೊಡಿ ಅಂತ ಸರ್ಕಾರಕ್ಕೆ ಹೇಳಿತು. 2007ರಲ್ಲಿ ತೀರಿಕೊಂಡರು. ಎರಡೇ ವರ್ಷ ಮನೆಯಲ್ಲಿದ್ದರು.

ಇಲ್ಲಿ ಕ್ರೂರಿ ಅನ್ನಬಹುದಾದ ಒಬ್ಬ ಮನುಷ್ಯನನ್ನು ಹುಡುಕಿದರೆ ಸಿಗೋದು ಕಷ್ಟ. ಡಾಕ್ಟರ್ ತನ್ನ ಕೆಲಸ ಮಾಡಿ ಸರ್ಟಿಫಿಕೇಟ್ ಬರೆದರು. ಜೈಲಿನವರು ಕಳಿಸಿದವರನ್ನು ಒಳಗೆ ಇಟ್ಟುಕೊಂಡರು. ಕೋರ್ಟಿಗೆ ಫೈಲ್ ಬಂದಿಲ್ಲ, ಬಾರದ ಫೈಲನ್ನು ಕೋರ್ಟು ಕೇಳಿಲ್ಲ. ಎಲ್ಲರೂ ಪಕ್ಕದ ಟೇಬಲ್ ಕಡೆ ಕೈ ತೋರಿಸಿದರೆ ಸಾಕು, 38 ವರ್ಷ ಕಳೆದುಹೋಗುತ್ತೆ. ನಮ್ಮ ತಾಲ್ಲೂಕು ಆಫೀಸಿನಲ್ಲಿ ಖಾತೆ ಬದಲಾವಣೆಗೆ ಅಲೆದವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಅಲ್ಲಿ ಹೋಗಿ ಜಗಳ ಆಡೋಕೆ ನಾವಾದರೂ ಇರುತ್ತೇವೆ.

ಬಿಹಾರದ ರುದುಲ್ ಸಾ ಅವರದ್ದು ಇನ್ನೊಂದು ಥರ. ಅವರ ಕೇಸು ನಡೆಯಿತು, 1968ರ ಜೂನ್‌ನಲ್ಲಿ ಮುಜಫ್ಫರ್‌ಪುರದ ಸೆಷನ್ಸ್ ಕೋರ್ಟು ನಿರ್ದೋಷಿ ಅಂತ ಹೇಳಿತು. ಹೊರಗೆ ಬಿಟ್ಟಿದ್ದು 1982ರ ಅಕ್ಟೋಬರ್‌ನಲ್ಲಿ. ನಿರ್ದೋಷಿ ಅಂದ ಮೇಲೆ 14 ವರ್ಷ! ಯಾಕೆ ಇಟ್ಟುಕೊಂಡಿದ್ದಿರಿ ಅಂದರೆ, ಆತನಿಗೆ ತಲೆ ಸರಿ ಇರಲಿಲ್ಲ ಅಂದರು. ಯಾವ ಡಾಕ್ಟರ್ ಹೇಳಿದರು, ಏನು ಚಿಕಿತ್ಸೆ ಕೊಟ್ಟಿರಿ ಅಂದಾಗ ಸುಪ್ರೀಂ ಕೋರ್ಟಿಗೆ ಒಪ್ಪುವಂಥ ಉತ್ತರ ಸಿಗಲಿಲ್ಲ. 1983ರಲ್ಲಿ ಒಟ್ಟು 35,000 ರೂಪಾಯಿ ಪರಿಹಾರ ಕೊಡಿಸಿದರು. ಕಾನೂನು ಓದುವ ಹುಡುಗರಿಗೆ ಇದು ಪರಿಹಾರದ ಹಕ್ಕಿನ ದೊಡ್ಡ ತೀರ್ಪು. ನನಗೆ ಮಾತ್ರ ‘ತಲೆ ಸರಿ ಇರಲಿಲ್ಲ’ ಅನ್ನುವ ಆ ಒಂದು ಸಾಲೇ ಕಣ್ಣಿಗೆ ಹೊಡೆಯುತ್ತೆ. ಅದೊಂದು ಹಣೆಪಟ್ಟಿ ಹಚ್ಚಿದರೆ ಆಮೇಲೆ ಆ ಮನುಷ್ಯ ಏನು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲ್ಲ. ‘ನನ್ನನ್ನು ಬಿಡುಗಡೆ ಮಾಡಿದ್ದಾರೆ, ಬಿಡ್ರಪ್ಪಾ’ ಅಂತ ಅವರು ಕೂಗಿಕೊಂಡಿದ್ದರೂ ಅದು ಹುಚ್ಚಿನ ಲೆಕ್ಕಕ್ಕೇ ಸೇರುತ್ತಿತ್ತು.

ಇದು ಒಬ್ಬಿಬ್ಬರ ಕತೆಯೂ ಅಲ್ಲ. ಅದೇ ಹೊತ್ತಿಗೆ, 1982ರಲ್ಲಿ, ಹಜಾರಿಬಾಗ್ ಸೆಂಟ್ರಲ್ ಜೈಲಿನಲ್ಲಿ ಮಾನಸಿಕ ಅಸ್ವಸ್ಥರು ಅಂತ ಇಟ್ಟಿದ್ದ ಕೈದಿಗಳ ಬಗ್ಗೆ ಅಲ್ಲಿನ ಉಚಿತ ಕಾನೂನು ನೆರವಿನ ಸಮಿತಿಯೊಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಭಗವತಿ ಅವರಿಗೆ ಪತ್ರ ಬರೆಯಿತು. ಪತ್ರವನ್ನೇ ಅರ್ಜಿ ಅಂತ ತಗೊಂಡರು. ನೋಡಿದರೆ 19 ವರ್ಷದಿಂದ 37 ವರ್ಷದವರೆಗೆ ಒಳಗೆ ಕೊಳೆಯುತ್ತಿದ್ದವರು ಇದ್ದರು. ಕಾಯಿಲೆ ವಾಸಿಯಾದ ಮೇಲೂ ಬಿಡಿಸೋಕೆ ಯಾರೂ ಓಡಾಡಿಲ್ಲ ಅನ್ನೋ ಕಾರಣಕ್ಕೆ ಉಳಿದವರು.

ಗಮನಿಸಿ, ಪತ್ರ ಬರೆದವರು ಆ ಕೈದಿಗಳ ನೆಂಟರಲ್ಲ. 1979ರ ಹುಸೇನಾರಾ ಖಾತೂನ್ ಪ್ರಕರಣವೂ ಹೀಗೇ. ಕೆ.ಎಫ್. ರುಸ್ತಮ್‌ಜಿ ಅನ್ನುವ ಪೊಲೀಸ್ ಅಧಿಕಾರಿ ಬಿಹಾರದ ಜೈಲುಗಳನ್ನು ಸುತ್ತಿ ಬಂದು ಪೇಪರಿನಲ್ಲಿ ಬರೆದರು. ಶಿಕ್ಷೆ ಆಗಿದ್ದರೂ ಯಾವಾಗಲೋ ಹೊರಗೆ ಬಂದಿರುತ್ತಿದ್ದ ಜನ ವಿಚಾರಣೆಯೇ ಇಲ್ಲದೆ ಒಳಗಿದ್ದಾರೆ ಅಂತ. ಅದನ್ನು ಓದಿದ ಕಪಿಲಾ ಹಿಂಗೋರಾನಿ ಅನ್ನುವ ವಕೀಲೆ ಕೋರ್ಟಿಗೆ ಹೋದರು. ಆಗಿನ ಪದ್ಧತಿಯಲ್ಲಿ ಕೈದಿಯೇ ಬರಬೇಕು ಅಥವಾ ಅವನ ಮನೆಯವರು ವಕಾಲತ್ತು ಹಾಕಬೇಕು. ಹಿಂಗೋರಾನಿ ಅವರಿಗೆ ಆ ಕೈದಿಗಳ ಮುಖವೂ ಗೊತ್ತಿರಲಿಲ್ಲ. ಆದರೂ ಕೋರ್ಟು ಅರ್ಜಿ ತಗೊಂಡಿತು. ಬೇಗ ವಿಚಾರಣೆ ನಡೆಸೋದು, ಬಡವನಿಗೆ ವಕೀಲರನ್ನು ಕೊಡೋದು, ಇವೆಲ್ಲ ಬದುಕುವ ಹಕ್ಕಿನಲ್ಲೇ ಸೇರಿವೆ ಅಂದಿತು. ಸಾವಿರಾರು ಜನ ಹೊರಗೆ ಬಂದರು. ನಾವು ಈಗ ಪಿಐಎಲ್ (ಸಾರ್ವಜನಿಕ ಹಿತಾಸಕ್ತಿ ಅರ್ಜಿ), ಪಿಐಎಲ್ ಅಂತ ಎಲ್ಲದಕ್ಕೂ ತಮಾಷೆ ಮಾಡುತ್ತೇವಲ್ಲ, ಅದರ ಬೇರು ಇಲ್ಲಿದೆ. ‘ಪೇಷಂಟ್ ಕಡೆಯೋರು ಯಾರ್ರೀ’ ಅಂದಾಗ ಸಂಬಂಧವೇ ಇಲ್ಲದ ಒಬ್ಬರು ಕೈ ಎತ್ತಿ ನಾನು ಅಂದ ಹಾಗೆ.

ಅಲ್ಲಿಂದ ಇಲ್ಲಿಯವರೆಗೆ ಎಷ್ಟು ದೂರ ಬಂದಿದ್ದೇವೆ? ದೇಶದ ಅಪರಾಧ, ಜೈಲುಗಳ ಲೆಕ್ಕ ಇಡುವ ಎನ್‌ಸಿಆರ್‌ಬಿ ವರದಿ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅದರಲ್ಲಿ 4,34,302 ಜನ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ಮೇಲೆ ಇನ್ನೂ ಯಾವ ಅಪರಾಧವೂ ಸಾಬೀತಾಗಿಲ್ಲ. ಜೈಲುಗಳಿರೋದು 4,36,266 ಜನರಿಗೆ. ಅಂದರೆ ವಿಚಾರಣಾಧೀನರೇ ಹೆಚ್ಚುಕಡಿಮೆ ಇಡೀ ಜಾಗ ತುಂಬಿಸಿಬಿಡುತ್ತಾರೆ, ಶಿಕ್ಷೆ ಆದವರು ಹೆಚ್ಚುವರಿ!

ಕಾನೂನು ಸುಮ್ಮನೆ ಕೂತಿಲ್ಲ, ಅದನ್ನೂ ಹೇಳಬೇಕು. 2006ರಲ್ಲಿ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) 436ಎ ಕಲಂ ಜಾರಿಗೆ ಬಂತು. ಗರಿಷ್ಠ ಶಿಕ್ಷೆಯ ಅರ್ಧ ಕಳೆದ ವಿಚಾರಣಾಧೀನರನ್ನು ಬಿಡಬೇಕು ಅಂತ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 479ನೇ ಕಲಂ. ಮೊದಲ ಸಲ ಸಿಕ್ಕಿಬಿದ್ದವರಿಗೆ ಮೂರನೇ ಒಂದು ಭಾಗ ಸಾಕು. ನನಗೆ ಇಷ್ಟವಾದ ವಿಷಯ ಇನ್ನೊಂದಿದೆ. ಆ ಅವಧಿ ಮುಗಿದ ಕೂಡಲೇ ಜೈಲು ಸೂಪರಿಂಟೆಂಡೆಂಟೇ ಕೋರ್ಟಿಗೆ ಅರ್ಜಿ ಹಾಕಬೇಕು. ಬೀಗ ಹಾಕಿದವನೇ ಬಂದು ‘ಸ್ವಾಮಿ, ಇವರನ್ನು ಬಿಡುವ ಹೊತ್ತಾಯಿತು’ ಅಂತ ಹೇಳಬೇಕು. ನೆಂಟ ಬೇಕಿಲ್ಲ. ಜಾಮೀನು ಸಿಕ್ಕಿ ಏಳು ದಿನವಾದರೂ ಕೈದಿ ಹೊರಗೆ ಹೋಗದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಶ್ಯೂರಿಟಿಗೆ ದುಡ್ಡಿಲ್ಲದ ವಿಚಾರಣಾಧೀನರಿಗೆ, ಆಗಿನ ಲೆಕ್ಕದಲ್ಲಿ 40,000 ರೂಪಾಯಿವರೆಗೆ, ಕೊಡುವ ಕೇಂದ್ರದ ಯೋಜನೆಯೂ ಅದೇ ವರ್ಷ ಬಂತು.

ಆದರೆ 479ರಲ್ಲಿ ಒಂದು ಕೊಕ್ಕೆ ಇದೆ. ಹಳೆಯ 436ಎ ಮರಣದಂಡನೆಯ ಕೇಸುಗಳನ್ನು ಮಾತ್ರ ಹೊರಗಿಟ್ಟಿತ್ತು. ಹೊಸದು ಜೀವಾವಧಿ ಶಿಕ್ಷೆಗೆ ಅವಕಾಶ ಇರುವ ಎಲ್ಲ ಅಪರಾಧಗಳನ್ನೂ ಹೊರಗಿಟ್ಟಿದೆ. ಲಾಲುಂಗ್ ಮೇಲಿದ್ದದ್ದು ಐಪಿಸಿ 326. ಅದರಲ್ಲಿ ಹತ್ತು ವರ್ಷದವರೆಗೆ ಕೊಡಬಹುದು, ಜೀವಾವಧಿಯನ್ನೂ ಕೊಡಬಹುದು. ಹೊಸ ನ್ಯಾಯ ಸಂಹಿತೆಯಲ್ಲಿ ಅದರ ಜಾಗಕ್ಕೆ ಬಂದ ಕಲಂ ಕೂಡ ಹಾಗೇ. ಅಂದರೆ 1951ರ ಆ ಯುವಕ ಇವತ್ತು ಸಿಕ್ಕಿಬಿದ್ದಿದ್ದರೆ 479 ಅವನಿಗೆ ಸಿಗುತ್ತಿರಲಿಲ್ಲ. ಇದನ್ನು ಎರಡೆರಡು ಸಲ ಓದಿದೆ, ತಪ್ಪು ಓದಿದೆನೇನೋ ಅಂತ.

ಇಷ್ಟು ಹೊತ್ತು ಕೇಳೋರು, ನೆಂಟರು ಅಂತ ಹಾಡಿ ಹೊಗಳಿದೆನಲ್ಲ, ಈಗ ಅದರ ಇನ್ನೊಂದು ಮುಖ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಒಂದು ಖಾಸಗಿ ಮಾನಸಿಕ ಆಶ್ರಮಕ್ಕೆ ಬೆಂಕಿ ಬಿತ್ತು. 28 ಜನ ಸತ್ತರು. ಅವರನ್ನು ಸರಪಳಿಯಲ್ಲಿ ಕಟ್ಟಿದ್ದರು, ಎದ್ದು ಓಡಲು ಆಗಲಿಲ್ಲ. ಅದು ಜೈಲಲ್ಲ. ಅಲ್ಲಿಗೆ ಕರೆತಂದು ಬಿಡುತ್ತಿದ್ದವರು ಪೊಲೀಸರೂ ಅಲ್ಲ, ಮನೆಯವರೇ. ಅವರನ್ನು ಬೈಯೋಕೆ ನನಗೆ ಬಾಯಿ ಬರಲ್ಲ. ರಾತ್ರಿಯಿಡೀ ಕೂಗಾಡುವ ಒಬ್ಬರನ್ನು ಎರಡು ರೂಮಿನ ಮನೆಯಲ್ಲಿ ಇಟ್ಟುಕೊಂಡು ಬೆಳಿಗ್ಗೆ ಕೂಲಿಗೆ ಹೋಗೋದು ಏನು ಅಂತ ಅಜ್ಜಿಯನ್ನು ನೋಡಿ ನನಗೆ ಸ್ವಲ್ಪ ಗೊತ್ತು. ಒಮ್ಮೆ ಅವರೂ ಮಾವನ ರೂಮಿಗೆ ಹೊರಗಿನಿಂದ ಚಿಲಕ ಹಾಕಿಸಿದ್ದರು. ಮನೆಯಲ್ಲಿ ಇದನ್ನು ಯಾರೂ ಮಾತಾಡಲ್ಲ.

2017ರ ಮಾನಸಿಕ ಆರೋಗ್ಯ ಕಾಯ್ದೆಯನ್ನು ನಾನು ಕೂತು ಓದಿದ್ದು ಮಾವನ ಕಾಗದಪತ್ರ ಮಾಡಿಸುವಾಗ. ಕಾನೂನಿನ ಭಾಷೆ ನಿದ್ದೆ ಬರಿಸುತ್ತೆ ಅಂದುಕೊಂಡಿದ್ದೆ, ಇದು ಬರಿಸಲಿಲ್ಲ. ಸರಪಳಿ ಹಾಕಬಾರದು ಅಂತ ನೇರವಾಗಿ ಬರೆದಿದೆ. ಮನೆಯವರು ಒಪ್ಪಲ್ಲ, ಮನೆಯೇ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವಂತಿಲ್ಲ ಅಂತ 19ನೇ ಕಲಂ ಹೇಳುತ್ತೆ. ಆಮೇಲೆ 100ನೇ ಕಲಂ ಬಂತು. ಮಾನಸಿಕ ಕಾಯಿಲೆ ಇದ್ದು ದಾರಿ ತಪ್ಪಿ ಅಲೆಯುವವರು ಸಿಕ್ಕಿದರೆ ಪೊಲೀಸರು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಲಾಕಪ್‌ನಲ್ಲಿ ಇಡಬಾರದು. ಕಾಣೆಯಾದವರ ಎಫ್‌ಐಆರ್ ಹಾಕಬೇಕು. ಮನೆಯವರನ್ನು ಹುಡುಕಿ ತಿಳಿಸೋದು ಠಾಣಾಧಿಕಾರಿಯ ಕರ್ತವ್ಯ.

ಆ ಪುಟದಲ್ಲಿ ಸುಮಾರು ಹೊತ್ತು ನಿಂತೆ. ಕಾಲರ್ ಮಡಚಿ ನೋಡಿದ ಆ ಕಾನ್‌ಸ್ಟೆಬಲ್ ಮಾಡಿದ್ದು ಇದನ್ನೇ. ಆಗ ಅದು ಅವರ ಒಳ್ಳೆಯತನ. ಈಗ ಅದು ಪ್ರತಿ ಠಾಣೆಯ ಕೆಲಸ. ನಡೆಯುತ್ತಾ? ಕೆಲವು ಕಡೆ ನಡೆಯುತ್ತೆ. ಪರಿಚಯದ ಒಬ್ಬ ಎಸ್‌ಐ ಹತ್ತಿರ ಈ ಕಲಂ ಬಗ್ಗೆ ಕೇಳಿದೆ. ಗೊತ್ತು ಅಂದರು. ‘ಆದ್ರೆ ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಅಲ್ಲಿ ಏನ್ ಕೇಳ್ತಾರೆ ಗೊತ್ತಾ ಸಾರ್? ಪೇಷಂಟ್ ಕಡೆಯೋರು ಯಾರು ಅಂತ!’ ಇಬ್ಬರೂ ನಕ್ಕೆವು. ನಗುವ ವಿಷಯ ಆಗಿರಲಿಲ್ಲ.

ಜೈಲಿನೊಳಗೆ ಕಾಯಿಲೆಯವರು ಎಷ್ಟಿದ್ದಾರೆ ಅಂತ ನಿಮ್ಹಾನ್ಸ್‌ನವರು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲೇ ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದ್ದರು. ಐದು ಸಾವಿರಕ್ಕೂ ಹೆಚ್ಚು ಕೈದಿಗಳನ್ನು ನೋಡಿದರು. ಕುಡಿತ, ತಂಬಾಕು, ಇತರ ಚಟಗಳನ್ನು ಪಕ್ಕಕ್ಕಿಟ್ಟ ಮೇಲೂ ನಾಲ್ವರಲ್ಲಿ ಒಬ್ಬರಿಗಿಂತ ಜಾಸ್ತಿ ಜನರಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಪರಪ್ಪನ ಅಗ್ರಹಾರ ಅಂದರೆ ನಮಗೆ ನೆನಪಾಗೋದು ಟಿವಿಯಲ್ಲಿ ಬರುವ ದೊಡ್ಡ ಕೈದಿಗಳು, ಅವರ ಊಟ, ಅವರ ಹಾಸಿಗೆ. ಈ ನಾಲ್ಕನೆಯವನ ಬಗ್ಗೆ ಯಾವ ಚಾನೆಲ್ಲೂ ಬ್ರೇಕಿಂಗ್ ಕೊಡಲ್ಲ.

ಒಂದು ಉಪಯೋಗದ ಮಾತು. ಕಸ್ಟಡಿಯಲ್ಲಿ ಇರುವ ಯಾರಿಗೇ ಆದರೂ ಉಚಿತ ವಕೀಲರು ಸಿಗಬೇಕು ಅಂತ 1987ರ ಕಾನೂನು ಸೇವೆಗಳ ಕಾಯ್ದೆ ಹೇಳುತ್ತೆ. ಮಾನಸಿಕ ಆಸ್ಪತ್ರೆಯಲ್ಲಿ ಇಟ್ಟಿರುವವರೂ ಅದರಲ್ಲಿ ಸೇರುತ್ತಾರೆ. 15100ಗೆ ಫೋನ್ ಮಾಡಬಹುದು, ಎಲ್ಲ ಜಿಲ್ಲಾ ಕೋರ್ಟುಗಳಲ್ಲೂ ಆಫೀಸ್ ಇದೆ. ನೀವು ನೆಂಟರೇ ಆಗಿರಬೇಕಿಲ್ಲ.

ಮಾವನಿಗೆ ಈಗ ಅರವತ್ತೆಂಟು. ಅಜ್ಜಿ ಹೋಗಿ ಹತ್ತು ವರ್ಷ ಆಯಿತು, ಅವರು ಅಮ್ಮನ ಜೊತೆ ಇದ್ದಾರೆ. ಮಾತ್ರೆ ತಪ್ಪಿಸಲ್ಲ. ಮೊಮ್ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಾರೆ, ಅದೂ ಹತ್ತೊಂಬತ್ತರ ಮಗ್ಗಿ. ನಮ್ಮೂರ ಟೈಲರ್ ಎರಡು ವರ್ಷದ ಹಿಂದೆ ಅಂಗಡಿ ಮುಚ್ಚಿದರು, ಕಣ್ಣು ಕಾಣಲ್ಲ ಅಂತ. ಯುಗಾದಿಗೆ ನಾನು ತಂದ ರೆಡಿಮೇಡ್ ಶರ್ಟನ್ನು ಅಮ್ಮ ಒಂದು ವಾರ ಹಾಗೇ ಇಟ್ಟಿದ್ದರು. ಆಮೇಲೆ ಒಂದು ಮಧ್ಯಾಹ್ನ ಮಾವನ ಹಳೆಯ ಶರ್ಟಿನಿಂದ ಲೇಬಲ್ ಬಿಚ್ಚಿ ಹೊಸದರ ಕಾಲರ್‌ಗೆ ಹೊಲಿಯುತ್ತಾ ಕೂತಿದ್ದರು. ‘ಆ ನಂಬರ್ ಈಗ ಇಲ್ಲಮ್ಮ’ ಅಂದೆ. ಅಮ್ಮ ದಾರ ಕಚ್ಚಿ ಕಿತ್ತು, ಟೇಬಲ್ ಮೇಲಿದ್ದ ಮಾರ್ಕರ್ ಪೆನ್ನನ್ನು ನನ್ನ ಕಡೆ ತಳ್ಳಿದರು. ಹಳೆಯ ಐದಂಕಿಯ ಕೆಳಗೆ ನನ್ನ ಮೊಬೈಲ್ ನಂಬರ್ ಬರೆದೆ. ಬಟ್ಟೆ ಮೇಲೆ ಶಾಯಿ ಸ್ವಲ್ಪ ಹರಡಿತು. ಕೊನೆಯ ಎರಡು ಅಂಕಿ ಸರಿಯಾಗಿ ಕಾಣಲ್ಲ ಅಂತ ಮಾವ ಇನ್ನೊಮ್ಮೆ ಬರೆಸಿದರು.